ಎರಡು ಸಾವಿರದೊಳಗೆ ಹವಾಮಾನ ಕೇಂದ್ರ

ಪ್ರಶ್ನೆ: ಶಿರಸಿಯಲ್ಲಿದ್ದೇವೆ. ಒಂಬತ್ತನೇ ತರಗತಿಯ ಮಗಳ ಪ್ರಾಜೆಕ್ಟ್‌ಗೆ ಹವಾಮಾನ ಕೇಂದ್ರ ಬೇಕು. ಎರಡು ಸಾವಿರದೊಳಗೆ ಯಾವುದು ಕೊಳ್ಳಲಿ?

ಉತ್ತರ: ಆ ದುಡ್ಡಿಗೆ ಗಾಳಿ, ಮಳೆ ಎಲ್ಲ ಅಳೆಯುವ ರೆಡಿಮೇಡ್ ಯಂತ್ರ ಹುಡುಕಬೇಡಿ. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಉಷ್ಣಾಂಶ, ತೇವಾಂಶ, ಗಾಳಿಯ ಒತ್ತಡ ಅಳೆಯುವ ಬಿಎಂಇ280 ಸೆನ್ಸರ್ ತಂದುಕೊಡಿ, ಮಗಳೇ ಜೋಡಿಸಲಿ. ಬಿಎಂಇ ಬದಲು ಬಿಎಂಪಿ280 ಕೈಗಿಟ್ಟಾರು, ನೋಡಿಕೊಳ್ಳಿ. ಅದು ತೇವಾಂಶ ಅಳೆಯುವುದಿಲ್ಲ. ಸೆನ್ಸರನ್ನು ಗೋಡೆಗೆ ಅಂಟಿಸದೆ, ಬಿಸಿಲು-ಮಳೆ ತಾಗದಂತೆ ಗಾಳಿಯಾಡುವ ಗೂಡಿನಲ್ಲಿ, ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿಡಿ.

ಮಳೆಗೆ ಎಲೆಕ್ಟ್ರಾನಿಕ್ಸ್ ಬೇಡವೇ ಬೇಡ, ಅದರಲ್ಲೂ ನಿಮ್ಮೂರಿನ ಮಳೆಗೆ! ಪ್ಲಾಸ್ಟಿಕ್ ಮಳೆಮಾಪಕ ಸಾಕು. ಬಯಲಿನಲ್ಲಿಟ್ಟು ದಿನಾ ಬೆಳಿಗ್ಗೆ 8.30ಕ್ಕೆ ಬರೆದಿಡಲಿ, ಹವಾಮಾನ ಇಲಾಖೆಯ ಲೆಕ್ಕವೂ ಅದೇ ಹೊತ್ತಿನದು, ಹೋಲಿಸಬಹುದು.

ಬೋರ್ಡ್‌ಗೆ ಮೊಬೈಲ್ ಚಾರ್ಜರ್ ಸಾಲುತ್ತದೆ. ಅಂಗಳಕ್ಕೆ ಕರೆಂಟ್ ವೈರ್ ಎಳೆಯುವುದಿದ್ದರೆ ಮಾತ್ರ ಎಲೆಕ್ಟ್ರಿಷಿಯನ್‌ ಕರೆಸಿ.