ಪ್ರಮಾಣಬದ್ಧ ಮಾದರಿಗಳಿಗೆ ತುಂತುರು ಬಣ್ಣ : ದೋಷನಿದಾನ

ಒಂದು ವಸ್ತುವಿನ ಅವಯವಗಳ ಪರಸ್ಪರ ಪ್ರಮಾಣ ಕೆಡದಂತೆ, ಇಡಿಯ ವಸ್ತುವನ್ನು ಒಂದೇ ಅಳತೆಯಲ್ಲಿ ಕಿರಿದುಗೊಳಿಸಿ ನಿರ್ಮಿಸಿದ ಪ್ರತಿರೂಪಕ್ಕೆ ಪ್ರಮಾಣಬದ್ಧ ಮಾದರಿಯೆಂದು ಹೆಸರು. ಆಟಿಕೆಗೂ ಇದಕ್ಕೂ ಇರುವ ಭೇದ ಇಷ್ಟೆ: ಆಟಿಕೆಯ ಕಾರಿಗೆ ಚಕ್ರ ದೊಡ್ಡದಾದರೂ ಕಿಟಕಿ ಚಿಕ್ಕದಾದರೂ ಮಗು ಆಕ್ಷೇಪಿಸದು, ಮಾದರಿಗೆ ಅಂತಹ ಸ್ವಾತಂತ್ರ್ಯವಿಲ್ಲ. ಮೋಟಾರು ಕಾರುಗಳ ವಿಷಯದಲ್ಲಿ ಇಪ್ಪತ್ತನಾಲ್ಕರಲ್ಲಿ ಒಂದು, ಇಪ್ಪತ್ತೈದರಲ್ಲಿ ಒಂದು ಎಂಬ ಎರಡು ಅಳತೆಗಳು ಹೆಚ್ಚು ರೂಢಿಯಲ್ಲಿವೆ. 2014ರಲ್ಲಿ ತಯಾರಿಕೆ ನಿಲ್ಲುವವರೆಗೆ ನಮ್ಮ ರಸ್ತೆಗಳಿಗೆಲ್ಲ ಪರಿಚಿತವಾಗಿದ್ದ ಅಂಬಾಸಡರ್ ಕಾರು ಸುಮಾರು 4.3 ಮೀಟರು ಉದ್ದವಾಗಿತ್ತು. ಇಪ್ಪತ್ತನಾಲ್ಕರಲ್ಲಿ ಒಂದಕ್ಕೆ ಇಳಿಸಿದರೆ ಅದು 18 ಸೆಂಟಿಮೀಟರು, ಎಂದರೆ ಒಂದು ಗೇಣಿಗೂ ಕಡಿಮೆ. ಈ ಗೇಣಿನೊಳಗಿನ ಕಾಯಕ್ಕೆ ಡಬ್ಬಿಯ ತುಂತುರು ಬಣ್ಣ ಹಾಕುವಾಗ ಒದಗುವ ತೊಡಕುಗಳೇ ಪ್ರಸ್ತುತ ಲೇಖನದ ವಿಷಯ.

ಕನ್ನಡ ಪಂಡಿತನಿಗೆ ಬಣ್ಣದ ಡಬ್ಬಿಯಲ್ಲೇನು ಕೆಲಸವೆಂದು ವಾಚಕ ಮಹಾಶಯರು ಕೇಳಬಹುದು. ವಸ್ತುಪ್ರದರ್ಶನಕ್ಕೆ ಮಾದರಿಗಳನ್ನು ಸಿದ್ಧಪಡಿಸುವ ವಿದ್ಯಾರ್ಥಿಗಳು ತಮ್ಮ ವರದಿಗಳನ್ನು ಭಾಷೆ ತಿದ್ದಿಸಿಕೊಳ್ಳಲು ನನ್ನ ಬಳಿಗೆ ತರುವುದು ವಾಡಿಕೆ. ಆ ವರದಿಗಳಲ್ಲಿ ಪುನಃಪುನಃ ಕಂಡ ವಾಕ್ಯ ಒಂದೇ: “ಬಣ್ಣ ಕೆಟ್ಟಿತು.” ಸೋರಿದ್ದೂ ಕೆಟ್ಟದ್ದೇ, ಸುಕ್ಕಾದದ್ದೂ ಕೆಟ್ಟದ್ದೇ, ಬಿಳಿಚಿದ್ದೂ ಕೆಟ್ಟದ್ದೇ. ಎರಡು ಮೂರು ತಿಂಗಳು ಸಂಜೆಗಳನ್ನು ವ್ಯಯಿಸಿ ಜೋಡಿಸಿದ ವಸ್ತು ಅರ್ಧ ನಿಮಿಷದಲ್ಲಿ ಹಾಳಾದಾಗ ಹುಡುಗನು ತನ್ನ ಕೈಗೆ ಗುಣವಿಲ್ಲವೆಂದು ತೀರ್ಮಾನಿಸಿ ಆ ಕೆಲಸವನ್ನೇ ಬಿಟ್ಟುಬಿಡುತ್ತಾನೆ. ಕಾಯಕದ ಮಹಿಮೆಯನ್ನು ತರಗತಿಯಲ್ಲಿ ಬೋಧಿಸುವ ನಾವು, ಕೈಗೆತ್ತಿಕೊಂಡ ಕಾಯಕ ಏಕೆ ಕೆಟ್ಟಿತೆಂಬುದನ್ನು ಹೇಳಿಕೊಡದಿದ್ದರೆ ಆ ಬೋಧನೆ ಅರ್ಧಕ್ಕೇ ನಿಂತಂತೆ. ವೈದ್ಯಶಾಸ್ತ್ರದಲ್ಲಿ ಚಿಕಿತ್ಸೆಗೆ ಮುನ್ನ ನಿದಾನ. ಇಲ್ಲಿಯೂ ಅದೇ ಕ್ರಮ.

ಮೊದಲು ಡಬ್ಬಿಯ ವಿಚಾರ. ಒತ್ತಡದಿಂದ ದ್ರವವನ್ನು ತುಂತುರಾಗಿ ಹೊರಡಿಸುವ ಡಬ್ಬಿಯ ಮೂಲಕಲ್ಪನೆ ನಾರ್ವೆ ದೇಶದ ಎರಿಕ್ ರೋಥೈಮ್ ಎಂಬಾತನದು. ಕಾಲ 1920ರ ದಶಕ. ಅದರಲ್ಲಿ ಬಣ್ಣ ತುಂಬುವ ಉಪಾಯವನ್ನು 1949ರಲ್ಲಿ ಅಮೆರಿಕದ ಇಲಿನಾಯ್ ಪ್ರಾಂತದ ಎಡ್ವರ್ಡ್ ಸೆಮೂರ್ ಕಾರ್ಯಗತಗೊಳಿಸಿದನು. ಸಲಹೆ ಆತನ ಪತ್ನಿಯದೆಂದು ಹೇಳುತ್ತಾರೆ. ಡಬ್ಬಿಯೊಳಗೆ ಮೂರು ಪದಾರ್ಥಗಳಿವೆ: ರಾಳದಲ್ಲಿ ಬೆರೆತ ಬಣ್ಣ, ಅದನ್ನು ತೆಳುವಾಗಿಸುವ ದ್ರಾವಕ, ಇವೆರಡನ್ನೂ ಹೊರಗೆ ತಳ್ಳುವ ಅನಿಲ. ಈ ಅನಿಲ ಡಬ್ಬಿಯಲ್ಲಿ ಬಹುಪಾಲು ದ್ರವರೂಪದಲ್ಲಿಯೇ ಇರುತ್ತದೆ. ಗುಂಡಿಯೊತ್ತಿದಾಗ ಅದು ಆವಿಯಾಗುವುದು. ಆವಿಯಾಗುವುದಕ್ಕೆ ಬೇಕಾದ ಶಾಖವನ್ನು ಡಬ್ಬಿಯಿಂದಲೇ ಸೆಳೆಯುವುದು. ಆದ್ದರಿಂದಲೇ ಬಹಳ ಹೊತ್ತು ಸಿಂಪಡಿಸಿದರೆ ಡಬ್ಬಿ ಕೈಗೆ ತಣ್ಣಗಾಗುತ್ತದೆ. ತಣ್ಣಗಾದಂತೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದಂತೆ ಹನಿಗಳು ದಪ್ಪನಾಗುತ್ತವೆ. ಮೊದಲರ್ಧ ನುಣುಪಾಗಿ ಬಂದ ಕಾರಿನ ಹಿಂಭಾಗದಲ್ಲಿ ಬಣ್ಣ ಏಕೆ ಉಗುಳಿದಂತಾಯಿತೆಂದು ಕೇಳುವವರಿಗೆ ಇದೇ ಉತ್ತರ. ಉಗುರುಬೆಚ್ಚಗಿನ ನೀರಿನಲ್ಲಿ ಡಬ್ಬಿಯನ್ನು ಐದು ನಿಮಿಷ ನಿಲ್ಲಿಸಿ, ಒರೆಸಿ, ಎರಡು ನಿಮಿಷ ಚೆನ್ನಾಗಿ ಅಲುಗಿಸಿ ಮುಂದುವರಿಸಬೇಕು. ಒಲೆಯ ಬಳಿ ಬೆಚ್ಚಗೆ ಮಾಡುವ ಮಾತೇ ಕೂಡದು.

ಇನ್ನು ಹನಿಯ ಪಯಣ. ಬಾಯಿಂದ ಹೊರಟ ಹನಿ ಮೈಗೆ ತಾಗುವುದರೊಳಗೆ ಅದರ ದ್ರಾವಕದ ಒಂದು ಪಾಲು ಗಾಳಿಯಲ್ಲಿ ಆರುತ್ತದೆ. ಎಷ್ಟು ಪಾಲು ಆರಿತೆಂಬುದರ ಮೇಲೆ ಅರ್ಧದಷ್ಟು ದೋಷಗಳು ನಿಂತಿವೆ. ಡಬ್ಬಿಯನ್ನು ತೀರ ಹತ್ತಿರ ಹಿಡಿದರೆ ಹನಿ ಹಸಿಯಾಗಿ ಬಿದ್ದು, ತನ್ನ ಭಾರಕ್ಕೆ ತಾನೇ ಜಾರಿ ಕೆಳಗಿಳಿಯುತ್ತದೆ; ಇದಕ್ಕೆ ‘ಸೋರುಗೆರೆ’ ಎನ್ನೋಣ. ತೀರ ದೂರ ಹಿಡಿದರೆ ಹನಿ ದಾರಿಯಲ್ಲೇ ಒಣಗಿ ಹುಡಿಯಾಗಿ ಕೂರುತ್ತದೆ, ಕೈಯಾಡಿಸಿದರೆ ಮರಳುಮೈ. ಇವೆರಡರ ನಡುವೆ ಮೂರನೆಯದೊಂದಿದೆ. ಹನಿ ಮೈಗೆ ತಾಗುವಾಗ ಹಸಿಯಾಗಿಯೇ ಇರುತ್ತದೆ, ಆದರೆ ಹರಡಿ ಪಕ್ಕದ ಹನಿಯೊಡನೆ ಕೂಡುವಷ್ಟು ತೆಳುವಾಗಿರುವುದಿಲ್ಲ, ಉಬ್ಬಿದಲ್ಲೇ ಬಿಗಿಯುತ್ತದೆ. ಆಂಗ್ಲರು ಇದನ್ನು ಕಿತ್ತಳೆ ಸಿಪ್ಪೆಗೆ ಹೋಲಿಸಿ ಹೆಸರಿಟ್ಟಿದ್ದಾರೆ. ಕೊಡಗಿನ ಕಿತ್ತಳೆಯನ್ನು ಸುಲಿದು ಬಲ್ಲ ನಮಗೆ ಈ ಉಪಮೆಯನ್ನು ಹಾಗೆಯೇ ಸ್ವೀಕರಿಸಲು ಅಡ್ಡಿಯೇನಿಲ್ಲ. ಸಾಮಾನ್ಯವಾಗಿ 20ರಿಂದ 25 ಸೆಂಟಿಮೀಟರು ದೂರ ಯುಕ್ತ. ಕೈ ನಿಲ್ಲಬಾರದು, ಕಾರಿನ ಆಚೆಗೆ ಗುಂಡಿಯೊತ್ತಿ, ಅದರ ಮೇಲಿಂದ ಹಾಯ್ದು, ಈಚೆಗೆ ಬಂದ ಮೇಲೆ ಬೆರಳೆತ್ತಬೇಕು. ಮೈಮೇಲೆಯೇ ಆರಂಭಿಸಿದರೆ ಮೊದಲ ದಪ್ಪಹನಿ ಅಲ್ಲಿಯೇ ಬೀಳುವುದು ನಿಶ್ಚಯ.

ಇಲ್ಲಿಯವರೆಗಿನ ಮಾತು ಗೇಟಿಗೆ ಬಣ್ಣ ಹೊಡೆಯುವವನಿಗೂ ಅನ್ವಯಿಸುತ್ತದೆ. ಮಾದರಿಕಾರನ ವಿಶೇಷ ಕಷ್ಟ ಬೇರೆ. ಆತ ಕಾರನ್ನು ಕಿರಿದುಗೊಳಿಸಿದ್ದಾನೆ, ಬಣ್ಣವನ್ನು ಕಿರಿದುಗೊಳಿಸಿಲ್ಲ! ನಿಜವಾದ ಕಾರಿನ ಮೇಲಿರುವ ಲೇಪಗಳೆಲ್ಲ ಸೇರಿ ಸುಮಾರು 100ರಿಂದ 150 ಮೈಕ್ರಾನ್ ದಪ್ಪ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಪ್ರಮಾಣನಿಷ್ಠೆಯನ್ನು ಕೊನೆಯವರೆಗೂ ಪಾಲಿಸುವುದಾದರೆ ಮಾದರಿಯ ಲೇಪ 4ರಿಂದ 6 ಮೈಕ್ರಾನ್ ಇರಬೇಕು. ಡಬ್ಬಿಯಿಂದ ಅದು ಅಸಾಧ್ಯ. ನಿಜವಾದ ಕಾರಿನ ಬಾಗಿಲ ಸಂದು 5 ಮಿಲಿಮೀಟರು ಅಗಲವೆಂದಿಟ್ಟುಕೊಳ್ಳೋಣ. ಮಾದರಿಯಲ್ಲಿ ಅದು ಸುಮಾರು 0.2 ಮಿಲಿಮೀಟರು. ಸಂದಿನ ಎರಡೂ ಬದಿಗೆ 0.05 ಮಿಲಿಮೀಟರು ಬಣ್ಣ ಕೂತರೆ ಉಳಿದ ಸಂದು ಅರ್ಧವಾಯಿತು. ಇನ್ನೆರಡು ಕೈ ಬಳಿದರೆ ಬಾಗಿಲೇ ಮುಚ್ಚಿಹೋಯಿತು. ಬೆಳ್ಳಿಬಣ್ಣದಲ್ಲಿ ಹೊಳೆಯುವ ಅಲ್ಯೂಮಿನಿಯಂ ಚೂರು 20 ಮೈಕ್ರಾನ್ ಇದ್ದರೆ, ಮಾದರಿಯ ಲೆಕ್ಕದಲ್ಲಿ ಅದು ಅರ್ಧ ಮಿಲಿಮೀಟರಿನ ತಗಡು. ಆದ್ದರಿಂದಲೇ ನಿಜ ಕಾರಿನ ಡಬ್ಬಿಯ ಬೆಳ್ಳಿಬಣ್ಣ ಮಾದರಿಯ ಮೇಲೆ ಅಭ್ರಕದ ಪುಡಿ ಚೆಲ್ಲಿದಂತೆ ಕಾಣುತ್ತದೆ. ಒಂದು ತಲೆಗೂದಲು ಅಂಟಿದರಂತೂ ಬಾನೆಟ್ಟಿನ ಮೇಲೆ ಹುರಿಹಗ್ಗ ಬಿದ್ದಂತೆ. ಗೇಟಿನ ಮೇಲೆ ಕ್ಷಮ್ಯವಾದದ್ದು ಇಲ್ಲಿ ಅಕ್ಷಮ್ಯವಾಗುವುದು ಹೀಗೆ. ನಾಲ್ಕು ತೆಳು ಪದರ ಒಂದು ದಪ್ಪ ಪದರಕ್ಕಿಂತ ಮೇಲೆಂಬ ಉಪದೇಶವನ್ನು ಎಲ್ಲರೂ ಮಾಡುತ್ತಾರೆ. ನಾಲ್ಕಕ್ಕೇ ನಿಲ್ಲಿಸಬೇಕೆಂಬುದನ್ನು ಯಾರೂ ಹೇಳುವುದಿಲ್ಲ.

ಬಣ್ಣಕ್ಕೆ ಇನ್ನೊಂದು ಸ್ವಭಾವವಿದೆ: ಚೂಪು ಅಂಚಿನಿಂದ ಅದು ಹಿಂದೆ ಸರಿದು ತಗ್ಗಿನಲ್ಲಿ ತಂಗುತ್ತದೆ. ಅಂಚುಗಳಲ್ಲಿ ಪ್ಲಾಸ್ಟಿಕ್ಕು ಇಣುಕುತ್ತದೆಂದು ಇಡೀ ಮೈಗೆ ಮತ್ತೆ ಬಳಿಯುವುದು ತಗ್ಗನ್ನು ತುಂಬುವ ಕೆಲಸವೇ ಸರಿ. ಅಂಚುಗಳಿಗೆ ಮೊದಲೇ ಹಗುರಾಗಿ ಹಾಯಿಸಿ, ಆಮೇಲೆ ಮೈಗೆ ಬರುವುದು ಬಲ್ಲವರ ಕ್ರಮ.

ಮಳೆಗಾಲದ ದೋಷ ನಮ್ಮ ನಾಡಿಗೆ ವಿಶೇಷವಾಗಿ ಸಂಬಂಧಿಸಿದ್ದು. ಬೇಗ ಆರುವ ಲ್ಯಾಕರ್ ಜಾತಿಯ ಬಣ್ಣ ಆರುವಾಗ ಮೈಯನ್ನು ತಂಪುಮಾಡುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಂಪಿಗೆ ನೀರು ಇಬ್ಬನಿಯಾಗಿ ಇಳಿದು ಹಸಿಬಣ್ಣದಲ್ಲಿ ಸಿಕ್ಕಿಕೊಳ್ಳುತ್ತದೆ. ಕಪ್ಪು ಕಾರು ಬೂದಿ ಬಳಿದುಕೊಂಡಂತಾಗುವುದು ಇದರಿಂದ. ಇದಕ್ಕೆ ಆಂಗ್ಲದಲ್ಲಿರುವ ಹೆಸರು ನಾಚಿಕೆಯಿಂದ ಕೆಂಪೇರುವುದೆಂಬ ಅರ್ಥದ ಪದವೆಂದು ತಿಳಿದಾಗ ನನಗೆ ನಗು ಬಂತು. ಇಲ್ಲಿ ಆಗುವುದು ಅದಕ್ಕೆ ವಿಪರೀತ. ಕನ್ನಡದ ‘ಬಿಳಿಚಿಕೊಳ್ಳುವುದು’ ಎಂಬ ಮಾತೇ ಯಥಾರ್ಥ. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಆಷಾಢ ಶ್ರಾವಣಗಳಲ್ಲಿ ಬಣ್ಣದ ಕೆಲಸವನ್ನು ಮುಂದೂಡುವುದೇ ಲೇಸು. ಬಿಳಿಚಿದ್ದನ್ನು ಉಜ್ಜಿ ತೆಗೆಯಲು ಅವಸರಪಡಬಾರದು. ಒಣಹವೆಯ ದಿನ ಅದೇ ಬಣ್ಣದ ಹಗುರವಾದ ಒಂದು ಹಸಿಪದರ ಹಾಯಿಸಿದರೆ, ಹೊಸ ದ್ರಾವಕ ಹಳೆಯ ಪದರವನ್ನು ಮೆತ್ತಗಾಗಿಸಿ, ಸಿಕ್ಕಿಬಿದ್ದ ತೇವಕ್ಕೆ ದಾರಿ ಬಿಟ್ಟು, ಬಹುಮಟ್ಟಿಗೆ ಮೊದಲಿನ ಕಾಂತಿ ಮರಳುತ್ತದೆ.

ಎಲ್ಲಕ್ಕಿಂತ ಘೋರವಾದ ದೋಷ ಡಬ್ಬಿಯ ಆಯ್ಕೆಯಲ್ಲಿದೆ. ಮಾದರಿಯ ಬಿಡಿಭಾಗಗಳು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನವು. ಅಸಿಟೋನ್, ಟಾಲೂಯಿನ್ ಮೊದಲಾದ ಪ್ರಬಲ ದ್ರಾವಕಗಳಲ್ಲಿ ಅದು ಸಕ್ಕರೆಯಂತೆ ಕರಗುತ್ತದೆ. ನಮ್ಮ ಊರುಗಳ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವ ಡಬ್ಬಿಗಳು ಗೇಟು, ಸೈಕಲ್ಲು, ಮೋಟಾರುಬೈಕುಗಳಿಗಾಗಿ ಹುಟ್ಟಿದವು. ಕಬ್ಬಿಣಕ್ಕೆ ಯಾವ ದ್ರಾವಕದ ಭಯವೂ ಇಲ್ಲ. ಅಂತಹ ಡಬ್ಬಿಯನ್ನು ಬರಿಯ ಪ್ಲಾಸ್ಟಿಕ್ಕಿನ ಮೇಲೆ ಹಸಿಯಾಗಿ ಹೊಡೆದರೆ ಮೈಯೆಲ್ಲ ಕೆರೆಯ ಒಣಮಣ್ಣಿನಂತೆ ನವಿರಾಗಿ ಬಿರಿಯುತ್ತದೆ. ಈ ಬಿರುಕಿಗೆ ಪರಿಹಾರವಿಲ್ಲ. ಕೆಟ್ಟಿರುವುದು ಬಣ್ಣವಲ್ಲ, ಕಾರು. ಜಪಾನಿನ ತಾಮಿಯಾ ಸಂಸ್ಥೆ ಇದೇ ಕಾರಣಕ್ಕೆ ಪಾಲಿಸ್ಟೈರೀನಿಗೆ ಟಿಎಸ್ ಎಂದೂ, ರೇಡಿಯೋ ನಿಯಂತ್ರಿತ ಕಾರುಗಳ ಪಾಲಿಕಾರ್ಬೊನೇಟ್ ಕವಚಕ್ಕೆ ಪಿಎಸ್ ಎಂದೂ ಡಬ್ಬಿಗಳನ್ನು ಬೇರ್ಪಡಿಸಿದೆ. ಒಂದರ ಬದಲು ಇನ್ನೊಂದು ಸಲ್ಲದು. ಅಂಗಡಿಯ ಡಬ್ಬಿಯೇ ಗತಿಯೆಂದಾದರೆ, ಮೊದಲು ಪ್ಲಾಸ್ಟಿಕ್ಕಿಗೆ ಹೊಂದುವ ಪ್ರೈಮರ್ ಹಾಕಿ, ಅದರ ಮೇಲೆ ಬಣ್ಣವನ್ನು ಮಂಜಿನಂತೆ ಒಂದೆರಡು ಪದರ ಹಾಯಿಸಿ ಆರಲು ಬಿಟ್ಟು, ಬಳಿಕ ಹಸಿಪದರಕ್ಕೆ ಕೈಹಾಕಬೇಕು.

ಪದರಗಳ ಅನುಕ್ರಮಕ್ಕೂ ವ್ಯಾಕರಣವಿದೆ. ಲ್ಯಾಕರ್ ಆರುವುದು ದ್ರಾವಕ ಹಾರಿಹೋಗುವುದರಿಂದ. ಎನಾಮೆಲ್ ಗಟ್ಟಿಯಾಗುವುದು ಗಾಳಿಯ ಆಮ್ಲಜನಕದೊಡನೆ ಕೂಡಿ, ದಿನಗಟ್ಟಲೆ ನಿಧಾನವಾಗಿ. ಲ್ಯಾಕರಿನ ಮೇಲೆ ಎನಾಮೆಲ್ ಸುರಕ್ಷಿತ. ಎನಾಮೆಲಿನ ಮೇಲೆ ಲ್ಯಾಕರ್ ಹೊಡೆದರೆ, ಅರೆಬಲಿತ ಕೆಳಪದರ ಉಬ್ಬಿ ಮುದಿಕೈಯ ಚರ್ಮದಂತೆ ಸುಕ್ಕುಗಟ್ಟುತ್ತದೆ. ಎನಾಮೆಲಿನ ಮೇಲೆ ಎನಾಮೆಲೇ ಆದರೂ ಒಂದು ಗಂಟೆಯೊಳಗೆ ಅಥವಾ ಒಂದೆರಡು ದಿನ ಕಳೆದ ಮೇಲೆ ಎಂದು ಅನೇಕ ಡಬ್ಬಿಗಳ ಮೇಲೆ ಬರೆದಿರುತ್ತದೆ. ಆ ಚಿಕ್ಕಕ್ಷರದ ಸಾಲನ್ನು ಓದುವ ಹುಡುಗ ನೂರಕ್ಕೊಬ್ಬ. ಓದಿದವನ ಕಾರು ಸುಕ್ಕಾಗದು. ನಮ್ಮ ಚನ್ನಪಟ್ಟಣದ ಕುಶಲಿಗಳಿಗೆ ಈ ಕ್ಲೇಶವೇ ಇಲ್ಲ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಹತ್ತುತ್ತದೆ, ತಣಿದೊಡನೆ ಗಟ್ಟಿ. ಆದರೆ ಕಡಚಲಿಗೆ ಸಿಕ್ಕಿಸಲಾಗದ ಕಾರಿನ ಮೈಗೆ ಆ ವಿದ್ಯೆ ಒದಗದು.

ಮಿಕ್ಕ ಕೆಲವನ್ನು ಸಂಕ್ಷೇಪವಾಗಿ ಹೇಳಬಹುದು. ಬೆರಳಿನ ಜಿಡ್ಡು, ಅಚ್ಚಿನಿಂದ ಬಿಡಿಸಲು ಬಳಸಿದ ಎಣ್ಣೆ, ಸಿಲಿಕೋನ್ ಪಾಲಿಶು ಇವು ಉಳಿದಲ್ಲಿ ಬಣ್ಣ ನಿಲ್ಲದೆ ಮೀನುಗಣ್ಣಿನಂತೆ ದುಂಡಗೆ ಬಿಟ್ಟುಕೊಳ್ಳುತ್ತದೆ. ಸಾಬೂನುನೀರಿನಲ್ಲಿ ತೊಳೆದು ಒಣಗಿಸಿದ ಮೇಲೆ ಬರಿಗೈಯಲ್ಲಿ ಮುಟ್ಟಬಾರದು. ಒಣಬಟ್ಟೆಯಿಂದ ಉಜ್ಜಿದ ಪ್ಲಾಸ್ಟಿಕ್ಕು ವಿದ್ಯುದಾವೇಶದಿಂದ ದೂಳನ್ನು ಕರೆದುಕೊಳ್ಳುತ್ತದೆ. ನೆಲಕ್ಕೆ ನೀರು ಚಿಮುಕಿಸಿ ಕೆಲಸಕ್ಕೆ ಕೂರುವುದು ಹಳೆಯ ಮತ್ತು ಒಳ್ಳೆಯ ಪದ್ಧತಿ. ಕೆಂಪು ಪ್ಲಾಸ್ಟಿಕ್ಕಿಗೆ ಬಿಳಿ ಬಳಿದರೆ ಕೆಂಪು ಒಸರಿ ಗುಲಾಬಿಯಾಗುವುದುಂಟು. ಕೆಲಸ ಮುಗಿದೊಡನೆ ಡಬ್ಬಿಯನ್ನು ತಲೆಕೆಳಗು ಮಾಡಿ ಬರಿಯ ಅನಿಲ ಬರುವವರೆಗೆ ಒತ್ತಿದರೆ ಮುಂದಿನ ಸಲ ಬಾಯಿ ಕಟ್ಟಿಕೊಂಡಿರುವುದಿಲ್ಲ.

ಅಧ್ಯಾಪಕ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಹಿಂದೆ ಈ ಡಬ್ಬಿಗಳಲ್ಲಿ ಉರಿಯದ ಅನಿಲ ಇರುತ್ತಿತ್ತು. ಅದು ಓಜೋನ್ ಪದರಕ್ಕೆ ಹಾನಿಕರವೆಂದು ತಿಳಿದು, 1978ರಲ್ಲಿ ಅಮೆರಿಕವೂ 1987ರ ಮಾಂಟ್ರಿಯಲ್ ಒಪ್ಪಂದದ ತರುವಾಯ ಇತರ ದೇಶಗಳೂ ಕೈಬಿಟ್ಟವು. ಈಗ ಬಹುತೇಕ ಡಬ್ಬಿಗಳಲ್ಲಿರುವುದು ಪ್ರೋಪೇನ್, ಬ್ಯೂಟೇನ್ ಮೊದಲಾದವು, ಅಡುಗೆಮನೆಯ ಸಿಲಿಂಡರಿನಲ್ಲಿರುವವೇ. ದ್ರಾವಕದ ಆವಿಯೂ ಉರಿಯುವಂಥದ್ದು. ಉಸಿರಿಗೆ ಸೇರಿದರೆ ತಲೆಸುತ್ತು ತರುವಂಥದ್ದು. ಪ್ರದರ್ಶನದ ಹಿಂದಿನ ರಾತ್ರಿ, ಬಾಗಿಲು ಮುಚ್ಚಿದ ಕೊಠಡಿಯಲ್ಲಿ, ಐದಾರು ಮಕ್ಕಳು ಒಂದು ಕಾರಿನ ಸುತ್ತ ಬಾಗಿ ನಿಂತು ಸಿಂಪಡಿಸುವುದನ್ನು ಯಾವ ಶಾಲೆಯೂ ಸಹಿಸಬಾರದು. ಬಯಲಿನಲ್ಲಿ, ಗಾಳಿಗೆ ಬೆನ್ನುಕೊಟ್ಟು, ದೀಪ ಒಲೆಗಳಿಂದ ದೂರದಲ್ಲಿ, ಹಿರಿಯರೊಬ್ಬರ ಎದುರಿನಲ್ಲಿ ಈ ಕೆಲಸ ನಡೆಯಲಿ. ಮೂಗಿಗೆ ಕಟ್ಟುವ ಬಟ್ಟೆ ದೂಳನ್ನು ತಡೆದೀತು, ಆವಿಯನ್ನು ತಡೆಯದು. ಆವಿಗೆ ಇದ್ದಿಲು ತುಂಬಿದ ಮುಖವಾಡವೇ ಬೇಕು. ದಾನಿಗಳು ಕೈಕೆಲಸದ ವಿಭಾಗಕ್ಕೆ ಏನಾದರೂ ಕೊಡಬಯಸುವುದಾದರೆ ಹೊಸ ಕಿಟ್ಟುಗಳಿಗಿಂತ ಮೊದಲು ಅಂತಹ ಮುಖವಾಡಗಳನ್ನು ಕೊಡಿಸುವುದು ಉಚಿತ.

ಕಡೆಯದಾಗಿ ಪರೀಕ್ಷೆಯ ವಿಧಾನ. ಪಾಲಿಸ್ಟೈರೀನಿನ ಅಗ್ಗದ ಚಮಚಗಳು ಕೆಲವನ್ನು ತರಿಸಿಟ್ಟುಕೊಳ್ಳಬೇಕು. ಚಮಚದ ಬೆನ್ನಿಗೆ ಬಾನೆಟ್ಟಿನ ಬಾಗೂ ಇದೆ, ಅಂಚೂ ಇದೆ. ಕಾರಿಗೆ ಹಾಕಲಿರುವ ಪ್ರೈಮರ್, ಬಣ್ಣ, ಮೆರುಗು ಎಲ್ಲವನ್ನೂ ಅದೇ ಅನುಕ್ರಮದಲ್ಲಿ, ಅಷ್ಟೇ ಅಂತರ ಬಿಟ್ಟು ಚಮಚಕ್ಕೆ ಹಾಕಿ ಎರಡು ದಿನ ಕಾಯಬೇಕು. ಬಿರಿಯದೆ, ಸುಕ್ಕದೆ, ಬಿಳಿಚದೆ ನಿಂತರೆ ಅದೇ ಡಬ್ಬಿಯಿಂದ ಕಾರಿಗೆ ಕೈಹಾಕಬಹುದು. ಚಮಚದ ಹಿಡಿಯ ಮೇಲೆ ಡಬ್ಬಿಯ ಹೆಸರು, ತಾರೀಖು, ಅಂದಿನ ಹವೆ ಇಷ್ಟನ್ನೂ ಬರೆದು ಗೋಡೆಗೆ ತೂಗುಹಾಕಿದರೆ ಮುಂದಿನ ವರ್ಷದ ತರಗತಿಗೆ ಅದೇ ಪಠ್ಯ.