ಸಂಬಳದ ಕೆಲಸ, ಸ್ವಂತದ ಕೆಲಸ



*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ನಮ್ಮ ಬಳಗದ ಯುವಕ ಯುವತಿಯರಲ್ಲಿ ಹಲವರು ಈಗಷ್ಟೇ ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ್ದಾರೆ. ಕಾಲೇಜಿನಲ್ಲಿ ಚಿತ್ರ ಬರೆಯುತ್ತಿದ್ದವರು, ಹಾಡು ಕಟ್ಟುತ್ತಿದ್ದವರು, ಬೀದಿನಾಟಕ ಆಡುತ್ತಿದ್ದವರು ಇವರಲ್ಲಿದ್ದಾರೆ. ಮೊದಲ ಸಂಬಳ ಬಂದ ಕೆಲವೇ ತಿಂಗಳಲ್ಲಿ ಅದೆಲ್ಲ ನಿಂತುಹೋಗುತ್ತದೆ. ಮತ್ತೆ ಶುರು ಮಾಡಬೇಕು ಎನ್ನಿಸಿದಾಗ ಒಂದು ಪ್ರಶ್ನೆ ಕಾಡುತ್ತದೆ: ಮನೆಯಲ್ಲಿ ಸಾಲ ಇರುವಾಗ ನನ್ನ ಪಾಡಿಗೆ ನಾನು ಚಿತ್ರ ಬರೆಯುತ್ತ ಕೂರುವುದು ಸರಿಯೇ? ಅದೂ ಒಂದು ತಣ್ಹಾ ಅಲ್ಲವೇ?

ಇಂದು ಈ ಪ್ರಶ್ನೆಯನ್ನೇ ನೋಡೋಣ.

*1. ಧಮ್ಮ ಕಲೆಯನ್ನು ನಿಷೇಧಿಸುತ್ತದೆಯೇ?*

ನೃತ್ಯ, ಗೀತ, ವಾದ್ಯಗಳಿಂದ ದೂರವಿರುವ ನಿಯಮ ಉಪೋಸಥದ ದಿನ ಪಾಲಿಸುವ ಅಷ್ಟಶೀಲದಲ್ಲಿದೆ, ಭಿಕ್ಖುಗಳ ಶೀಲದಲ್ಲಿದೆ. ನಾವು ದಿನವೂ ತೆಗೆದುಕೊಳ್ಳುವ ಪಂಚಶೀಲದಲ್ಲಿ ಇಲ್ಲ. ಉಪಾಸಕರಿಗೆ ಕಲೆ ನಿಷಿದ್ಧವಲ್ಲ.

ಥೇರಗಾಥಾ, ಥೇರಿಗಾಥಾಗಳನ್ನು ನೋಡಿ. ಬಾಡಿದ ಹೂ ಗುಡಿಸುತ್ತ, ಜನರ ತಿರಸ್ಕಾರ ಉಣ್ಣುತ್ತ ಬದುಕಿದ್ದ ಸುನೀತ ಥೇರನ ಗಾಥೆ ಅಲ್ಲಿದೆ. ಒಡತಿಯ ಏಟಿಗೆ ಹೆದರಿ ಚಳಿಯಲ್ಲೂ ನೀರಿಗಿಳಿಯುತ್ತಿದ್ದ ದಾಸಿ ಪುಣ್ಣಿಕೆಯ ಗಾಥೆ ಇದೆ. ಮಾಡಿಬಂದ ಕೆಲಸವೇ ಅವರ ಕಾವ್ಯದ ವಸ್ತುವಾಯಿತು. ಎರಡೂವರೆ ಸಾವಿರ ವರ್ಷದ ನಂತರವೂ ನಾವು ಅವರನ್ನು ಅವರದೇ ಮಾತಿನಲ್ಲಿ ತಿಳಿಯುತ್ತೇವೆ.

*2. ನಮ್ಮ ಹಿರಿಯರು ಯಾಕೆ ಹೆದರುತ್ತಾರೆ?*

"ಹಾಡು, ಕುಣಿತ ಹೊಟ್ಟೆ ತುಂಬಿಸುತ್ತಾ?" ಎಂದು ಅಪ್ಪ ಅಮ್ಮ ಗದರಿದರೆ ಬೇಸರ ಮಾಡಿಕೊಳ್ಳಬೇಡಿ. ನಮ್ಮ ಕೇರಿಗಳಲ್ಲಿ ಕಲೆ ಬಹುಕಾಲ ಸ್ವಂತದ್ದಾಗಿರಲಿಲ್ಲ. ಊರ ಹಬ್ಬಕ್ಕೆ, ಹೆಣದ ಮುಂದೆ ತಮಟೆ ಬಡಿಯುವುದು ಜಾತಿ ಹೇರಿದ ಚಾಕರಿಯಾಗಿತ್ತು. ಒಲ್ಲೆ ಎನ್ನುವ ಹಕ್ಕಿರಲಿಲ್ಲ. ಆ ನೆನಪಿರುವ ಹಿರಿಯರಿಗೆ ಮಗ ಸಂಬಳದ ಕೆಲಸ ಹಿಡಿದರೆ ಬಿಡುಗಡೆ, ತಮಟೆ ಹಿಡಿದರೆ ಹಳೆಯ ಬೇಡಿ.

ಆದರೆ ಒಲ್ಲೆ ಎನ್ನುವ ಹಕ್ಕು ಬಂದ ಮೇಲೆ ಬೇಕು ಎಂದು ಕೈಗೆತ್ತಿಕೊಳ್ಳುವ ತಮಟೆ ಬೇರೆ. ಯಾರ ಅಪ್ಪಣೆಯೂ ಇಲ್ಲದೆ, ಯಾರ ಕಾಳಿಗೂ ಕಾಯದೆ ಮಾಡುವ ಕಲೆ ಬೇರೆ. ಆ ಸ್ವಾತಂತ್ರ್ಯವನ್ನು ಕೊಡುವುದು ನಿಮ್ಮ ಸಂಬಳವೇ. ಆದ್ದರಿಂದ ನೌಕರಿಯನ್ನು ಕಲೆಯ ಶತ್ರು ಎಂದು ತಿಳಿಯಬಾರದು.

*3. ನಾಲ್ಕು ಪಾಲಿನ ಪಾಠ*

ಸಿಗಾಲೋವಾದ ಸುತ್ತದಲ್ಲಿ ಭಗವಾನರು ಗೃಹಸ್ಥನ ಮಗ ಸಿಗಾಲನಿಗೆ ಗಳಿಕೆಯನ್ನು ನಾಲ್ಕು ಪಾಲು ಮಾಡಲು ಹೇಳುತ್ತಾರೆ. ಒಂದು ಪಾಲು ಅನುಭವಿಸಲು, ಎರಡು ಪಾಲು ಕಸುಬಿಗೆ, ನಾಲ್ಕನೆಯದು ಕಷ್ಟಕಾಲಕ್ಕೆ. ಅನುಭವಿಸುವ ಪಾಲನ್ನು ಅವರು ಕೊನೆಗೆ ಉಳಿದರೆ ನೋಡೋಣ ಎಂದು ಬಿಡಲಿಲ್ಲ, ಮೊದಲೇ ಎಣಿಸಿದರು.

ಇದು ಹಣದ ಮಾತು. ದಿನದ ಹೊತ್ತಿಗೂ ಹೀಗೇ ಲೆಕ್ಕ ಹಾಕಬಹುದು ಎಂಬುದು ನನ್ನ ತಿಳಿವಳಿಕೆ. ನೌಕರಿಗೆ, ಮನೆಗೆ, ನಿದ್ದೆಗೆ ಸಲ್ಲಬೇಕಾದದ್ದು ಸಲ್ಲಲಿ. ಸ್ವಂತದ ಕೆಲಸಕ್ಕೂ ಚಿಕ್ಕದಾದರೂ ಒಂದು ಪಾಲು ಮೊದಲೇ ಗೊತ್ತಾಗಿರಲಿ. ಉಳಿದ ಹೊತ್ತಿನಲ್ಲಿ ಮಾಡುತ್ತೇನೆ ಎಂದರೆ ಈ ಊರಿನಲ್ಲಿ ಹೊತ್ತು ಉಳಿಯುವುದೇ ಇಲ್ಲ. ಟಿನ್ ಫ್ಯಾಕ್ಟರಿ ಸಿಗ್ನಲ್ ದಾಟಿದವರಿಗೆ ಇದನ್ನು ವಿವರಿಸಬೇಕಿಲ್ಲ!

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಲಸೂರಿನ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುತ್ತಾಳೆ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ ಮತ್ತು ಕೆ.ಆರ್.ಪುರದ ನಡುವೆ ಮೆಟ್ರೊ ಕೂಡಿದ ಮೇಲೆ ಅವಳ ದಾರಿ ಹಗುರವಾಯಿತು. ಕೆ.ಆರ್.ಪುರದಲ್ಲಿ ಹತ್ತಿ ಹಲಸೂರಿನಲ್ಲಿ ಇಳಿಯುವಷ್ಟರಲ್ಲಿ ನಿಂತುಕೊಂಡೇ ಮೊಬೈಲ್‌ನಲ್ಲಿ ನಾಲ್ಕು ಸಾಲು ಬರೆಯುತ್ತಾಳೆ. ಇಂದಿರಾನಗರದ ಮನೆಗಳಲ್ಲಿ ಪಾತ್ರೆ ತೊಳೆದು ಅವಳನ್ನು ಓದಿಸಿದ ತಾಯಿಗೆ ಅಲ್ಲಿ ಇಟ್ಟಿದ್ದ ಬೇರೆ ಲೋಟದ ಬಗ್ಗೆ ಒಂದು ಪದ್ಯ ಬರೆದಳು. ಕೇಳಿದ ತಾಯಿ "ಇದನ್ನೆಲ್ಲ ಯಾಕೆ ಬರೆದೆ?" ಎಂದರಂತೆ. ಸ್ವಲ್ಪ ಹೊತ್ತು ಬಿಟ್ಟು "ಇನ್ನೊಂದು ಸಲ ಓದು" ಎಂದರಂತೆ.

*4. ಬಾಬಾಸಾಹೇಬರ ಮೊದಲ ನೌಕರಿಯ ದಿನಗಳು*

1918ರ ನವೆಂಬರ್‌ನಲ್ಲಿ ಬಾಬಾಸಾಹೇಬರು ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಲಂಡನ್ನಿನಲ್ಲಿ ಅರ್ಧಕ್ಕೆ ನಿಂತ ಓದಿಗಾಗಿ ಸಂಬಳದಲ್ಲಿ ಉಳಿಸಬೇಕಿತ್ತು, ಸಂಸಾರವನ್ನೂ ತೂಗಿಸಬೇಕಿತ್ತು. ಆ ನೌಕರಿಯಲ್ಲಿ ಇದ್ದಾಗಲೇ, 1920ರ ಜನವರಿ 31ರಂದು 'ಮೂಕನಾಯಕ' ಪತ್ರಿಕೆ ಹೊರಬಂತು. ಆಗ ಅವರಿಗೆ 28 ವರ್ಷ. ಸರ್ಕಾರಿ ನೌಕರಿಯಾದ್ದರಿಂದ ಸಂಪಾದಕರಾಗಿ ಅವರ ಹೆಸರು ಹಾಕುವಂತಿರಲಿಲ್ಲ. ಪಾಂಡುರಂಗ ಭಟ್ಕರ್ ಅವರ ಹೆಸರು ಅಚ್ಚಾಯಿತು. ಶಾಹೂ ಮಹಾರಾಜರು 2,500 ರೂಪಾಯಿ ನೆರವು ಕೊಟ್ಟರು.

ನೌಕರಿ ಬಿಟ್ಟ ಮೇಲೆ ಬರೆಯುತ್ತೇನೆ ಎಂದು ಅವರು ಕಾಯಲಿಲ್ಲ. ನನ್ನ ಹೆಸರು ಬರಲೇಬೇಕು ಎಂದು ಹಟ ಹಿಡಿಯಲಿಲ್ಲ. ಹೆಸರಿಗಿಂತ ಕೆಲಸ ಮುಖ್ಯವಾಗಿತ್ತು. ಇದೇ ಬಾಬಾಸಾಹೇಬರು ಇಳಿವಯಸ್ಸಿನಲ್ಲಿ, ಅಷ್ಟೆಲ್ಲ ಹೊರೆಯ ನಡುವೆ, ಪಿಟೀಲು ಕಲಿಯಲು ಕುಳಿತರು. ಅದರಿಂದ ಅವರಿಗೆ ಸಿಗಬೇಕಾದ ಪದವಿ ಯಾವುದೂ ಇರಲಿಲ್ಲ.

*5. ನಮ್ಮ ನಡುವಿನವರು*

ಚಾಮರಾಜನಗರ ಸೀಮೆಯ ಮೂಡ್ನಾಕೂಡು ಚಿನ್ನಸ್ವಾಮಿ ಅವರು ಕೆಎಸ್‌ಆರ್‌ಟಿಸಿಯಲ್ಲಿ ದುಡಿದು ನಿರ್ದೇಶಕರ ಹುದ್ದೆಯವರೆಗೆ ಏರಿದವರು. ನೌಕರಿ ಮಾಡುತ್ತಲೇ ಕವಿತೆ ಬರೆದರು. 'ಬಹುತ್ವದ ಭಾರತ ಮತ್ತು ಬೌದ್ಧ ತಾತ್ವಿಕತೆ' ಕೃತಿಗೆ 2022ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರಿಗೆ 68 ವರ್ಷ. ಈ ಕೆಲಸ ಐದು ವರ್ಷದಲ್ಲಿ ಮುಗಿಯುವಂಥದ್ದಲ್ಲ, ಬದುಕಿನ ಉದ್ದಕ್ಕೂ ನಡೆಯುವಂಥದ್ದು.

ನಮ್ಮ ಪೂರ್ವ ಬೆಂಗಳೂರಿನಲ್ಲೂ ಈ ಪರಂಪರೆ ಇದೆ. ಎಚ್‌ಎಎಲ್, ದೂರವಾಣಿನಗರದ ಐಟಿಐಯಂಥ ಕಾರ್ಖಾನೆಗಳ ಕಾರ್ಮಿಕರು ಪಾಳಿ ಮುಗಿಸಿ ಕನ್ನಡ ಸಂಘಗಳಲ್ಲಿ ನಾಟಕ ಆಡಿದವರು. ಅವರ ಮಕ್ಕಳು, ಮೊಮ್ಮಕ್ಕಳು ನಮ್ಮ ಬಳಗದಲ್ಲೂ ಇದ್ದಾರೆ. ಮನೆಗೆ ಹೋದಾಗ ಕೇಳಿ ನೋಡಿ.

*6. ಎರಡು ಎಚ್ಚರ*

ಒಂದು, ಅದಿನ್ನಾದಾನ. ಕಚೇರಿಯ ಹೊತ್ತು, ಕಾಗದ, ಲ್ಯಾಪ್‌ಟಾಪ್ ನಮ್ಮ ಕಲೆಗೆ ಕೊಟ್ಟದ್ದಲ್ಲ. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳಬಾರದು. ನೇಮಕಾತಿ ಪತ್ರದಲ್ಲಿ ಹೊರಗಿನ ಕೆಲಸದ ಬಗ್ಗೆ ಏನಿದೆ ಎಂದು ಓದಿಕೊಳ್ಳಿ. ನಮ್ಮ ಕೈಕೆಲಸ ನಮ್ಮದಾಗಿ ಉಳಿಯಲು ಇದೇ ದಾರಿ.

ಎರಡು, ಸೋಣನ ವೀಣೆ. ಪಾದ ಒಡೆದು ರಕ್ತ ಬರುವಷ್ಟು ಸಾಧನೆ ಮಾಡಿ ಬೇಸತ್ತ ಸೋಣ ಭಿಕ್ಖುವಿಗೆ ಭಗವಾನರು ಅವನಿಗೆ ಗೊತ್ತಿದ್ದ ವೀಣೆಯನ್ನೇ ಉದಾಹರಿಸಿದರು. ತಂತಿ ಬಿಗಿದರೂ ನುಡಿಯದು, ಸಡಿಲಾದರೂ ನುಡಿಯದು. ರಾತ್ರಿಪಾಳಿ ಮಾಡಿ ಬಂದು ನಿದ್ದೆಗೆಟ್ಟು ಬರೆಯಬೇಡಿ. ವಾರಕ್ಕೆ ಒಂದೇ ಗಂಟೆಯಾದರೂ ತಪ್ಪದಿರಲಿ.

*ಇಂದಿನ ಅಭ್ಯಾಸ*

▪️ ವಾರದಲ್ಲಿ ನಿಮ್ಮ ಪಾಲಿನ ಹೊತ್ತು ಯಾವುದೆಂದು ಈಗಲೇ ಗೊತ್ತುಮಾಡಿ ಬರೆದಿಡಿ.

▪️ ಒಬ್ಬ ಕಲ್ಯಾಣಮಿತ್ರರಿಗೆ ಅದನ್ನು ತಿಳಿಸಿ. "ಈ ವಾರ ಏನು ಮಾಡಿದೆ?" ಎಂದು ಕೇಳುವವರು ಒಬ್ಬರಿದ್ದರೆ ಸಾಕು.

▪️ ಮುಂದಿನ ಭಾನುವಾರ ತ್ರಿಸರಣ, ಪಂಚಶೀಲದ ನಂತರ ಹದಿನೈದು ನಿಮಿಷ ಇದಕ್ಕೇ ಇಡೋಣ. ಅರ್ಧ ಬರೆದ ಪದ್ಯ, ಮುಗಿಯದ ಚಿತ್ರ, ಏನಿದ್ದರೂ ತನ್ನಿ. ಮಾರ್ಕ್ಸ್ ಕೊಡುವುದಿಲ್ಲ!

▪️ ಹಿರಿಯರಲ್ಲಿ ಒಂದು ವಿನಂತಿ. ಮಗಳು ಅಥವಾ ಮಗ ಮೂಲೆಯಲ್ಲಿ ಕುಳಿತು ಬರೆಯುತ್ತಿದ್ದರೆ ಒಂದು ಗಂಟೆ ಕೆಲಸ ಹೇಳಬೇಡಿ.

ಭವತು ಸಬ್ಬ ಮಂಗಲಂ.
ಜೈ ಭೀಮ್. 🙏