ಸ್ಮೂದಿ ಬೌಲ್ ಮೇಲಿನ ಹಳದಿ ಕಾಳು

ಲಾಸ್ ಏಂಜಲೀಸ್‌ನ ಜ್ಯೂಸ್ ಅಂಗಡಿಗಳಲ್ಲಿ ಅಸಾಯಿ ಬೌಲ್ ತಗೊಂಡ್ರೆ, ಬಾಳೆಹಣ್ಣಿನ ಮೇಲೆ ಹಳದಿ, ಕೇಸರಿ ಬಣ್ಣದ ಸಣ್ಣ ಕಾಳು ಉದುರಿಸಿ ಕೊಡೋದುಂಟು. ಅದು ಬೀ ಪೋಲನ್, ಅಂದ್ರೆ ಜೇನುಹುಳ ಕಟ್ಟಿ ತಂದ ಪರಾಗ. ಸ್ಯಾನ್ ಡಿಯಾಗೋದ ರೈತರ ಸಂತೆಗಳಲ್ಲಿ ಜೇನುತುಪ್ಪದ ಪಕ್ಕದಲ್ಲೇ ಇದರ ಬಾಟಲಿಯೂ ಇರುತ್ತೆ. ‘ಇಲ್ಲಿನ ಪರಾಗ ತಿಂದ್ರೆ ಇಲ್ಲಿನ ಅಲರ್ಜಿ ಹೋಗುತ್ತೆ’ ಅನ್ನೋ ಮಾತೂ ಚಾಲ್ತಿಯಲ್ಲಿದೆ. ಇವತ್ತು ಆ ಮಾತನ್ನ ಸ್ವಲ್ಪ ಕೆದಕೋಣ.

ಮೊದಲು, ಈ ಕಾಳು ಆಗೋದು ಹೇಗೆ? ಕೆಲಸಗಾರ ಜೇನು ಮೈಕೂದಲಿಗೆ ಅಂಟಿದ ಪರಾಗವನ್ನ ಕಾಲಲ್ಲಿ ಬಾಚಿ, ಒಂಚೂರು ಮಕರಂದ ಬೆರೆಸಿ, ಹಿಂಗಾಲಿನ ಬುಟ್ಟಿಗೆ ಒತ್ತುತ್ತೆ. ಥೇಟ್ ನಾವು ತಂಬಿಟ್ಟಿನ ಉಂಡೆ ಕಟ್ಟಿದ ಹಾಗೆ. ಸಾಕುವವರು ಗೂಡಿನ ಬಾಗಿಲಿಗೆ ಇಕ್ಕಟ್ಟಾದ ತೂತಿನ ಜಾಲರಿ ಇಡ್ತಾರೆ. ಹುಳ ನುಸುಳುತ್ತೆ, ಉಂಡೆ ಕಳಚಿ ಕೆಳಗಿನ ಟ್ರೇಗೆ ಬೀಳುತ್ತೆ. ಒಂದು ಉಂಡೆ ಅಂದಾಜು 7–8 ಮಿಲಿಗ್ರಾಂ ಅಂತಿಟ್ಕೊಳ್ಳಿ. 5 ಗ್ರಾಂನ ಒಂದು ಚಮಚಕ್ಕೆ 600ಕ್ಕೂ ಹೆಚ್ಚು ಉಂಡೆ ಬೇಕು; ಸಲಕ್ಕೆ ಎರಡರಂತೆ, 300ಕ್ಕೂ ಹೆಚ್ಚು ಓಡಾಟ! ಗೂಡಿನ ಮರಿಗಳಿಗೆ ಪ್ರೋಟೀನ್ ಸಿಗೋದೂ ಇದರಿಂದಲೇ.

ನಮಗೆಷ್ಟು ಸಿಗುತ್ತೆ? ಹೂವಿನಿಂದ ಹೂವಿಗೆ ಬದಲಾದರೂ, ಸುಮಾರು ಐದರಲ್ಲೊಂದು ಪಾಲು ಪ್ರೋಟೀನ್. ಚಮಚಕ್ಕೆ 1 ಗ್ರಾಂ ಆಯ್ತು. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇದೆ. ಮೇಲಾಗಿ ಪರಾಗದ ಹೊರಗೋಡೆ ಸ್ಪೋರೋಪೊಲೆನಿನ್ ಅನ್ನೋ ಭಾರೀ ಗಟ್ಟಿ ವಸ್ತು. ಲಕ್ಷಾಂತರ ವರ್ಷ ಹಳೆಯ ಕೆಸರಿನಲ್ಲೂ ಅದು ಕರಗದೆ ಉಳಿದಿರುತ್ತೆ, ಇನ್ನು ನಮ್ಮ ಕರುಳಿನ ಪಾಡೇನು! ಒಳಗಿನ ಸತ್ವ ಪೂರ್ತಿ ದಕ್ಕಲ್ಲ. ಜೇನು ಇದನ್ನ ಎರಿಯಲ್ಲಿ ತುಂಬಿ ಹುಳಿಬರಿಸಿ ಇಟ್ಟುಕೊಳ್ಳುತ್ತೆ. ಮಲೆನಾಡಲ್ಲಿ ತುಡುವೆ ಜೇನಿನ ಎರಿಯನ್ನ ಹಾಗೇ ಅಗಿದವರಿಗೆ ಆ ಹುಳಿ ರುಚಿ ನೆನಪಿರಬಹುದು.

ಈಗ ಅಲರ್ಜಿ. ವಸಂತದಲ್ಲಿ ಮೂಗು ಸೋರಿಸೋದು ಹೆಚ್ಚಾಗಿ ಓಕ್, ಆಲಿವ್, ಹುಲ್ಲಿನಂಥವುಗಳ ಗಾಳಿಯಲ್ಲಿ ತೇಲುವ ಹಗುರ ಪರಾಗ. ಜೇನು ಹೆಚ್ಚಾಗಿ ತರೋದು ಹೂಗಳ ಅಂಟು ಪರಾಗ. ಅಂದ್ರೆ ಮದ್ದು ಅಂತ ತಿನ್ನೋದೇ ಬೇರೆ, ಕಾಯಿಲೆಗೆ ಕಾರಣವೇ ಬೇರೆ. ಅಲರ್ಜಿ ತಜ್ಞರೂ ಪರಾಗದ ಸಾರ ಕೊಡ್ತಾರೆ, ಆದರೆ ಯಾವ ಗಿಡದ್ದು, ಎಷ್ಟು ಅಂತ ಅಳೆದು ಕೊಡ್ತಾರೆ. ಬಾಟಲಿಯಲ್ಲಿ ಆ ಲೆಕ್ಕ ಎಲ್ಲಿದೆ? ಬೀ ಪೋಲನ್ ತಿಂದು ತೀವ್ರ ಅಲರ್ಜಿಯಾದ ಮಹಿಳೆಯೊಬ್ಬರ ಪ್ರಕರಣ 2012ರಲ್ಲಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದಿತ್ತು. ಮುಖ ಊದಿ, ಉಸಿರು ಕಟ್ಟಿದ್ರೆ ತಕ್ಷಣ 911ಗೆ ಫೋನ್ ಮಾಡಿ. ಆಸ್ತಮಾ, ಪರಾಗದ ಅಲರ್ಜಿ ಇರೋರು, ಬಸುರಿಯರು, ವಾರ್ಫರಿನ್ ತಗೊಳ್ಳೋರು ಇದರ ತಂಟೆಗೆ ಹೋಗದಿರೋದು ವಾಸಿ. ಊರಿಂದ ಬಂದಿರೋ ಅಪ್ಪ ಅಮ್ಮನ ಬೌಲ್‌ಗೆ ಹಾಕೋ ಮುಂಚೆ ಇದನ್ನ ಕೇಳಿಕೊಳ್ಳಿ.

ತೂಕ ಇಳಿಸುತ್ತೆ ಅಂತ ಮಾರೋ ಬೀ ಪೋಲನ್ ಮಾತ್ರೆಗಳಂತೂ ಬೇಡವೇ ಬೇಡ. ಅಂಥ ಕೆಲವದರಲ್ಲಿ ಸಿಬ್ಯುಟ್ರಮಿನ್ ಬೆರೆಸಿದ್ದನ್ನ ಪತ್ತೆಹಚ್ಚಿ ಎಫ್‌ಡಿಎ 2014ರಲ್ಲಿ ಎಚ್ಚರಿಸಿತ್ತು. ಅದು ಹೃದಯಕ್ಕೆ ಅಪಾಯ ಅಂತ 2010ರಲ್ಲೇ ಅಮೆರಿಕದ ಮಾರುಕಟ್ಟೆಯಿಂದ ಹೊರಬಿದ್ದ ಔಷಧಿ.

ಇದ್ಯಾವುದೂ ನಿಮಗೆ ತೊಂದರೆಯಿಲ್ಲ, ರುಚಿ ಇಷ್ಟ ಅಂದ್ರೆ, ಮೊದಲ ಸಲ ಒಂದೆರಡು ಕಾಳು ಸಾಕು.